ಹೂ ಬಿಟ್ಟ ಮರದ ಕೆಳಗೆ ಕ್ಯಾಮೆರಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಉದ್ಯಾನಗಳಲ್ಲಿ ಹೂವು, ಹಕ್ಕಿ, ಚಿಟ್ಟೆಗಳ ಫೋಟೊ ತೆಗೆಯುವವರಿಂದ ಯುಗಾದಿಯ ಆಸುಪಾಸಿನಲ್ಲಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಹೆಚ್ಚಿನವರು ಯಾವ ಲೆನ್ಸ್ ಕೊಳ್ಳಬೇಕು ಎಂದು ಕೇಳಿದ್ದಾರೆ. ಯಾವ ಮರದ ಕೆಳಗೆ, ಎಷ್ಟು ಹೊತ್ತಿಗೆ, ಯಾವ ಕಡೆ ಮುಖ ಮಾಡಿ ನಿಲ್ಲಬೇಕೆಂದು ಗೊತ್ತಿದ್ದರೆ ಕೈಯಲ್ಲಿರುವ ಲೆನ್ಸಿನಲ್ಲೇ ಬಹುಪಾಲು ಕೆಲಸ ಆಗುತ್ತದೆ. ಅದಕ್ಕೇ ಉತ್ತರಗಳಲ್ಲಿ ಮರ, ಬೆಳಕು ಮೊದಲು ಬಂದಿವೆ, ಸಲಕರಣೆ ಆಮೇಲೆ.

ಪ್ರಶ್ನೆ: ಪ್ರತಿವರ್ಷ ಕಬ್ಬನ್ ಪಾರ್ಕಿನ ಗುಲಾಬಿ ಟಬೂಬಿಯಾ ಮರಗಳ ಫೋಟೊ ತೆಗೆಯುತ್ತೇನೆ. ಕಣ್ಣಿಗೆ ಅಷ್ಟು ಚೆಂದ ಕಾಣುವ ಮರ ಫೋಟೊದಲ್ಲಿ ಬಿಳಿಚಿಕೊಳ್ಳುತ್ತದೆ, ಆಕಾಶ ಖಾಲಿ ಹಾಳೆಯಂತೆ ಬರುತ್ತದೆ. ಸಾಮಾನ್ಯವಾಗಿ ಭಾನುವಾರ ತಿಂಡಿ ಮುಗಿಸಿ 9 ಗಂಟೆಗೆ ಹೋಗುತ್ತೇನೆ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ತಿಂಡಿಗೆ ಮುಂಚೆ ಹೋಗಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಏರುತ್ತಾನೆ, ಗಂಟೆಗೆ ಸುಮಾರು 15 ಡಿಗ್ರಿ. ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಲ್ಲಿ 6.15ರಿಂದ 6.20ರ ಹೊತ್ತಿಗೆ ಹುಟ್ಟಿದವನು 7 ಗಂಟೆಗೆ 10 ಡಿಗ್ರಿ ಎತ್ತರದಲ್ಲಿ ಇರುತ್ತಾನೆ, 9ಕ್ಕೆ 40 ಡಿಗ್ರಿ ಹತ್ತಿರ. ಏಪ್ರಿಲ್ 24ರ ಸುಮಾರಿಗಂತೂ ನಡುಹಗಲು ನೆತ್ತಿಯ ನೇರಕ್ಕೇ ಬಂದು, ನೆಟ್ಟ ಕಂಬಕ್ಕೂ ನೆರಳಿಲ್ಲದ ದಿನ ಬರುತ್ತದೆ. ಯುರೋಪಿನ ಬೆಳಕು ನೋಡಿ ಬರೆದ ಪಾಠಗಳಲ್ಲಿ ಹೊಂಬಿಸಿಲು ಒಂದು ಗಂಟೆ ಇರುತ್ತದೆ ಎನ್ನುತ್ತಾರೆ. ನಮಗೆ ಸಿಗುವುದು 35–40 ನಿಮಿಷ ಮಾತ್ರ. 9 ಗಂಟೆಯ ಬಿಸಿಲು ಮೇಲಿನಿಂದ ಬೀಳುವುದರಿಂದ ಹೂಗೊಂಚಲಿನ ತಲೆ ಬೆಳ್ಳಗಾಗಿ, ಹೊಟ್ಟೆ ಕಪ್ಪಾಗುತ್ತದೆ. ಇದನ್ನು ಯಾವ ಸೆಟ್ಟಿಂಗಿನಿಂದಲೂ ಸರಿಪಡಿಸಲಾಗದು.

ಎರಡನೆಯದು, ನಿಲ್ಲುವ ಜಾಗ. ಬೆಳಿಗ್ಗೆ ಮರದ ಪೂರ್ವಕ್ಕೆ ನಿಂತು ಪಶ್ಚಿಮದ ಕಡೆ ಮುಖ ಮಾಡಿ. ಬಿಸಿಲು ಬೆನ್ನ ಹಿಂದಿನಿಂದ ಬಂದು ಹೂವಿನ ಮೇಲೆ ಬೀಳುತ್ತದೆ, ಎದುರಿನ ಆಕಾಶ ನೀಲಿಯಾಗಿಯೇ ಉಳಿಯುತ್ತದೆ. ಪೂರ್ವಕ್ಕೆ ಮುಖ ಮಾಡಿದರೆ ಆಕಾಶ ಹೂವಿಗಿಂತ ಬಹಳ ಪಾಲು ಪ್ರಕಾಶಮಾನ. ಹೂವಿಗೆ ಸರಿಹೊಂದಿಸಿದರೆ ಆಕಾಶ ಬಿಳಿ, ಆಕಾಶಕ್ಕೆ ಸರಿಹೊಂದಿಸಿದರೆ ಹೂವು ಕಪ್ಪು. ಆಕಾಶದ ನೀಲಿಯನ್ನು ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ಸೂರ್ಯನಿಗೆ ಅಡ್ಡವಾಗಿ, ಅಂದರೆ ಬೆಳಿಗ್ಗೆ ಉತ್ತರ ಅಥವಾ ದಕ್ಷಿಣದ ಕಡೆ ತಿರುಗಿದಾಗ ಅದರ ಗುಣ ಹೆಚ್ಚು. ಬೆನ್ನ ಹಿಂದೆ ಸೂರ್ಯ ಇದ್ದಾಗ ಎಷ್ಟು ತಿರುಗಿಸಿದರೂ ಆಕಾಶದ ಬಣ್ಣ ಬದಲಾಗದು, ಸುಮ್ಮನೆ ಬೆಳಕು ತಿನ್ನುತ್ತದೆ.

ಮೋಡ ಕವಿದ ದಿನ ಆಕಾಶವನ್ನು ಚೌಕಟ್ಟಿನಿಂದ ಪೂರ್ತಿ ಹೊರಗಿಡಿ. ಹಿಂದೆ ಬಿದಿರುಮೆಳೆಯೋ ಮಳೆಮರದ ಕಡುಹಸಿರೋ ಬರುವಂಥ ಕೊಂಬೆ ಹುಡುಕಿ, ಅದೊಂದನ್ನೇ ತೆಗೆಯಿರಿ. ಟಬೂಬಿಯಾ ಹೂವಿನ ಎಸಳು ತೆಳು ಬಟ್ಟೆಯಂತೆ ಇರುತ್ತದೆ. ಬೆಳಕು ಹಿಂದಿನಿಂದ ಹಾಯ್ದರೆ ಕಹಳೆಯಂಥ ಹೂವಿನ ಗಂಟಲಿನ ಹಳದಿ, ಎಸಳಿನುದ್ದಕ್ಕೂ ಓಡುವ ಸಣ್ಣ ಗೆರೆಗಳು ಎದ್ದು ಕಾಣುತ್ತವೆ. ಇಡೀ ಮರದ ಹತ್ತು ಫೋಟೊಗಳಿಗಿಂತ ಇಂಥ ಒಂದು ಗೊಂಚಲು ಮೇಲು.

ಇನ್ನು ಕ್ಯಾಮೆರಾ. ಕ್ಯಾಮೆರಾದ ಮೀಟರು ಎದುರಿಗಿರುವ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ಎಳೆಯಲು ನೋಡುತ್ತದೆ. ಚೌಕಟ್ಟಿನ ತುಂಬ ತಿಳಿಗುಲಾಬಿ ಅಥವಾ ಹಳದಿ ಹೂವಿದ್ದರೆ ಅದು ಮಂಕಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೊವನ್ನು ಬೇಕಾದಷ್ಟು ಬೆಳಗಿಸುವ, ಮಂಕಾಗಿಸುವ ಸೆಟ್ಟಿಂಗ್) +0.3ರಿಂದ +0.7 ಕೊಡಿ. ಅದೇ ಹೂವಿನ ಹಿಂದೆ ಕಡುಹಸಿರು ತುಂಬಿದ್ದರೆ ಹೂವು ಬಿಳಿಚಿಕೊಳ್ಳುತ್ತದೆ, ಆಗ –0.7. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡಬೇಡಿ. ಎಲ್ಲೆಡೆ ಗುಲಾಬಿಯೇ ಕಂಡರೆ ಆಟೊ ಅದನ್ನು ದೋಷವೆಂದು ತಿಳಿದು ಹಸಿರು ಬೆರೆಸುತ್ತದೆ, ಗುಲಾಬಿ ಹೋಗಿ ಬೂದಿ ಉಳಿಯುತ್ತದೆ. 'ಡೇಲೈಟ್' ಇಡಿ. ಫೋನಿನಲ್ಲಾದರೆ ಹೂವಿನ ಮೇಲೆ ಬೆರಳಿಟ್ಟು ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಚಿಹ್ನೆಯನ್ನು ಸ್ವಲ್ಪ ಕೆಳಗೆ ಜಾರಿಸಿ.

ಮರಗಳ ಸರದಿಯನ್ನೂ ಗೊತ್ತುಮಾಡಿಕೊಳ್ಳಿ. ಗುಲಾಬಿ ಟಬೂಬಿಯಾ ಚಳಿಗಾಲದ ಕೊನೆಯಿಂದ ಮಾರ್ಚ್‌ವರೆಗೆ ಅಲೆಅಲೆಯಾಗಿ ಅರಳುತ್ತದೆ. ಪಕ್ಕಪಕ್ಕದ ಎರಡು ಮರಗಳೂ ಒಂದೇ ದಿನ ತುಂಬಿರುವುದಿಲ್ಲ. ಫೆಬ್ರುವರಿ–ಮಾರ್ಚ್‌ನಲ್ಲಿ ಹಳದಿ ಟಬೂಬಿಯಾ, ಅದರ ಬೆನ್ನಿಗೆ ಜಕರಂಡದ ನೀಲಿ, ಹೊಂಗೆಯ ಚಿಗುರು ಮತ್ತು ಹೂವು. ಏಪ್ರಿಲ್–ಮೇ ಬಂತೆಂದರೆ ಕಕ್ಕೆ, ಗುಲ್‌ಮೊಹರ್. ಒಂದು ಮುಗಿಯುವಾಗ ಇನ್ನೊಂದು ಶುರುವಾಗುವ ಈ ಸಾಲು ತಾನಾಗಿ ಬಂದದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ಸಸ್ಯತಜ್ಞ ಜಿ.ಎಚ್. ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಲ್ಲಿ ವರ್ಷವಿಡೀ ಎಲ್ಲಾದರೂ ಹೂವಿರಲೆಂದು ಮರಗಳನ್ನು ಹೊಂದಿಸಿ ನೆಡಿಸಿದರು. ಮನೆಯ ಹತ್ತಿರದ ಐದಾರು ಮರಗಳಿಗೆ ಒಂದು ಪುಸ್ತಕದಲ್ಲಿ ಮೊದಲ ಹೂವಿನ ತಾರೀಕು ಬರೆದಿಟ್ಟರೆ, ಎರಡೇ ವರ್ಷದಲ್ಲಿ ನಿಮ್ಮದೇ ಪಂಚಾಂಗ ಸಿದ್ಧ.

ಮಾರ್ಚ್‌ನಲ್ಲಿ ರಾತ್ರಿ ಒಂದು ಮಳೆ ಬಿದ್ದರೆ ಮರುದಿನ ಬೆಳಿಗ್ಗೆ ತಪ್ಪಿಸಬೇಡಿ. ಉದುರಿದ ಹೂವು ನೆಲದ ತುಂಬ ಹಾಸಿರುತ್ತದೆ. ಗುಡಿಸುವವರು ಪೊರಕೆ ಹಿಡಿದು ಬರುವುದರೊಳಗೆ, ಕ್ಯಾಮೆರಾವನ್ನು ನೆಲದಿಂದ ಒಂದು ಗೇಣು ಎತ್ತರಕ್ಕೆ ಇಳಿಸಿ ತೆಗೆಯಿರಿ. ಹೂ ಉದುರಲೆಂದು ಕೊಂಬೆ ಹಿಡಿದು ಅಲ್ಲಾಡಿಸುವುದನ್ನು ಈಚೆಗೆ ಎಲ್ಲ ಪಾರ್ಕುಗಳಲ್ಲೂ ನೋಡುತ್ತಿದ್ದೇವೆ. ಒಂದು ಫೋಟೊಕ್ಕಾಗಿ ಹತ್ತು ಜನರ ಹೂವನ್ನು, ನೂರು ಜೇನಿನ ಊಟವನ್ನು ಕಸಿಯುವ ಕೆಲಸ ಅದು. ದಯವಿಟ್ಟು ಮಾಡಬೇಡಿ.

ಪ್ರಶ್ನೆ: ನಮ್ಮೂರ ಪಾರ್ಕಿನ ಅಂಚಿನಲ್ಲಿ ದೊಡ್ಡ ಮುತ್ತುಗದ ಮರವಿದೆ. ಹೂ ಬಿಟ್ಟಾಗ ಸೂರಕ್ಕಿಗಳು ತುಂಬ ಬರುತ್ತವೆ. 70–300 ಲೆನ್ಸ್ ಇದೆ, ಆದರೂ ಹಕ್ಕಿ ಮಸುಕು, ಹೂವು ಬರೀ ಕೆಂಪು ಮುದ್ದೆ. ಹಕ್ಕಿಯ ಹಿಂದೆ ಓಡಿ ಓಡಿ ಸಾಕಾಗಿದೆ.
– ಶಾಲಾ ಶಿಕ್ಷಕರು, ಚಿತ್ರದುರ್ಗ

ಉತ್ತರ: ಸರ್, ಓಡುವುದನ್ನು ನಿಲ್ಲಿಸಿ. ಹಕ್ಕಿಯನ್ನು ಮರ ಕರೆಯುತ್ತದೆ, ನೀವು ಹಕ್ಕಿಯನ್ನು ಕರೆಯಬೇಕಿಲ್ಲ. ಮೊದಲ ಹದಿನೈದು ನಿಮಿಷ ಕ್ಯಾಮೆರಾ ಎತ್ತದೆ ನೋಡುತ್ತ ಕೂತುಕೊಳ್ಳಿ. ಸೂರಕ್ಕಿ ಗೊಂಚಲಿನಿಂದ ಗೊಂಚಲಿಗೆ ಹೋಗುವ ದಾರಿ ಬಹುಮಟ್ಟಿಗೆ ಒಂದೇ. ಮಧ್ಯೆ ಕೊಕ್ಕು ಒರೆಸಲು, ಗರಿ ತಿದ್ದಲು ಕೂರುವ ಒಣರೆಂಬೆಯೂ ಒಂದೆರಡೇ ಇರುತ್ತವೆ. ಆ ರೆಂಬೆ ಗುರುತಿಸಿ, ಬಿಸಿಲು ನಿಮ್ಮ ಹೆಗಲ ಹಿಂದಿನಿಂದ ಬರುವಂತೆ ಜಾಗ ಹಿಡಿದು, ಅದರ ಮೇಲೆ ಮುಂಚೆಯೇ ಫೋಕಸ್ ಮಾಡಿಟ್ಟುಕೊಂಡು ಕಾಯಿರಿ.

ಬಿಸಿಲಿನ ದಿಕ್ಕು ಸೂರಕ್ಕಿಗೆ ಇನ್ನಷ್ಟು ಮುಖ್ಯ. ಗಂಡಿನ ಗಂಟಲಿನ ಹೊಳಪು ಬಣ್ಣದ ಕಣದಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಪ್ರತಿಫಲಿಸಿ ಬಂದದ್ದು. ಕೋನ ತಪ್ಪಿದರೆ ಬರೀ ಕಪ್ಪು. ಹಕ್ಕಿ ತಲೆ ತಿರುಗಿಸಿದ ಅರೆಕ್ಷಣ ನೆತ್ತಿಯ ಹಸಿರು, ಗಂಟಲಿನ ನೇರಳೆ ದೀಪ ಹಚ್ಚಿದಂತೆ ಹೊತ್ತಿಕೊಂಡು ಆರುತ್ತದೆ. ಅದಕ್ಕೇ ಒಂದೊಂದು ಫೋಟೊ ತೆಗೆಯದೆ ನಾಲ್ಕೈದರ ಬರ್ಸ್ಟ್ ಹೊಡೆಯಿರಿ.

ಮಸುಕಿಗೆ ಕಾರಣ ಶಟರ್ ವೇಗ. ಕೂತ ಸೂರಕ್ಕಿಗೂ 1/1250 ಸೆಕೆಂಡ್ ಬೇಕು, ಏಕೆಂದರೆ ಅದು ಕೂತಲ್ಲೂ ಸುಮ್ಮನಿರುವುದಿಲ್ಲ. ಹೂವಿನ ಮುಂದೆ ರೆಕ್ಕೆ ಬಡಿಯುತ್ತ ನಿಂತಾಗ 1/3200. ಮ್ಯಾನ್ಯುಯಲ್ ಮೋಡಿನಲ್ಲಿ ಶಟರ್ ಕಟ್ಟಿಹಾಕಿ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಂಡಿ) ಎಫ್/6.3 ಅಥವಾ ಎಫ್/7.1 ಇಟ್ಟು, ಬೆಳಕಿಗೆ ಸೆನ್ಸರು ಸ್ಪಂದಿಸುವ ಅಳತೆಯಾದ ಐಎಸ್‌ಒ ಆಟೊಗೆ ಬಿಡಿ. ಅದು 1600ಕ್ಕೆ ಏರಿದರೂ ಹೆದರಬೇಡಿ. ಕಾಳುಕಾಳಾದ ಫೋಟೊವನ್ನು ಆಮೇಲೆ ನಯಗೊಳಿಸಬಹುದು, ಅಲುಗಿದ್ದನ್ನು ಆಗದು. ಫೋಕಸ್ ನಿರಂತರ ಮೋಡಿನಲ್ಲಿರಲಿ, ಒಂದೇ ಬಿಂದು ಆರಿಸಿ. ಎಲ್ಲ ಬಿಂದುಗಳನ್ನೂ ಬಿಟ್ಟರೆ ಲೆನ್ಸ್ ಹತ್ತಿರದ ಹೂವಿಗೆ ಅಂಟಿಕೊಳ್ಳುತ್ತದೆ.

ದೂರದ ಲೆಕ್ಕವನ್ನೂ ಒಮ್ಮೆ ಹಾಕಿ. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ 300 ಮಿ.ಮೀ. ಇಟ್ಟರೆ 5 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಸುಮಾರು 37 ಸೆಂ.ಮೀ. ಸೂರಕ್ಕಿಯ ಉದ್ದ 10 ಸೆಂ.ಮೀ., ಅಂದರೆ ಚೌಕಟ್ಟಿನ ಕಾಲುಭಾಗ. 10 ಮೀಟರಿಗೆ ಹೋದರೆ ಎಂಟನೇ ಒಂದು ಭಾಗವಷ್ಟೇ. ಮರದ ತುದಿಯ ಹಕ್ಕಿಗೆ ಕ್ಯಾಮೆರಾ ಎತ್ತಿ ಕತ್ತು ನೋಯಿಸಿಕೊಳ್ಳುವುದಕ್ಕಿಂತ ತಗ್ಗಿನ ಕೊಂಬೆ, ಇಲ್ಲವೇ ಪಕ್ಕದಲ್ಲಿ ದಿಬ್ಬವೋ ಮೆಟ್ಟಿಲೋ ಇದ್ದರೆ ಅಲ್ಲಿಂದ ಕಣ್ಣಿನ ಮಟ್ಟಕ್ಕೆ ಬರುವ ಗೊಂಚಲು ಹುಡುಕಿ.

ಕೆಂಪು ಮುದ್ದೆಯಾಗುವುದು ಮುತ್ತುಗದ ಸ್ವಭಾವ. ಫೋಟೊದಲ್ಲಿ ಬೆಳಕು, ನೆರಳು ಎಷ್ಟಿದೆಯೆಂದು ತೋರಿಸುವ ಹಿಸ್ಟೋಗ್ರಾಮ್ ಎಂಬ ನಕ್ಷೆಯಲ್ಲಿ ಒಟ್ಟಾರೆ ಸರಿಯೆಂದು ಕಂಡರೂ ಕೆಂಪು ಚಾನೆಲ್ ಮಾತ್ರ ತುಂಬಿ ಚೆಲ್ಲಿರುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ತೆರೆದು ಕೆಂಪು ಬಲಗೋಡೆಗೆ ತಾಗಿದೆಯೇ ನೋಡಿ. ತಾಗಿದ್ದರೆ –0.7, ಬೇಕಾದರೆ –1. ಆಗ ಎಸಳಿನ ಮೇಲಿನ ಮಖಮಲ್ಲಿನಂಥ ರೋಮ, ಗಿಳಿಕೊಕ್ಕಿನಂತೆ ಬಾಗಿದ ಎಸಳಿನ ಏಣು ಉಳಿಯುತ್ತವೆ. ಹೂವಿನ ಕಡುಕಂದು ತೊಟ್ಟಿನ ಬಟ್ಟಲು ಕಪ್ಪಾಗುತ್ತದೆ. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಕಡತ) ತೆಗೆದಿದ್ದರೆ ಅದನ್ನು ಆಮೇಲೆ ಎತ್ತಿಕೊಳ್ಳಬಹುದು. ಚೆಲ್ಲಿಹೋದ ಕೆಂಪನ್ನು ತರಲಾಗದು.

ಹತ್ತಿರದಲ್ಲಿ ಬೂರುಗವಿದ್ದರೆ ಅದನ್ನೂ ಬಿಡಬೇಡಿ. ಬಟ್ಟಲಗಲದ ದಪ್ಪ ಹೂವಿನಲ್ಲಿ ಮೈನಾ, ಕಾಜಾಣ, ಕಾಗೆ, ಅಳಿಲು ಎಲ್ಲವೂ ಮಕರಂದಕ್ಕೆ ಮುಖ ಹಾಕಿ, ಹಣೆಯ ತುಂಬ ಪರಾಗ ಬಳಿದುಕೊಂಡು ಏಳುತ್ತವೆ. ದೊಡ್ಡ ಹಕ್ಕಿ, ಎಲೆಯಿಲ್ಲದ ಬೋಳು ಕೊಂಬೆ. ಹೊಸದಾಗಿ ಕಲಿಯುವವರಿಗೆ ಮುತ್ತುಗಕ್ಕಿಂತ ಬೂರುಗ ಸುಲಭ.

ಪ್ರಶ್ನೆ: ಲಾಲ್‌ಬಾಗ್‌ನಲ್ಲಿ ಟ್ರೈಪಾಡ್ ಇಟ್ಟ ಕೂಡಲೇ ಕಾವಲಿನವರು ಬಂದು ತಡೆದರು. ಫೋಟೊ ತೆಗೆಯಲೇಬಾರದೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡೂ ತೋಟಗಾರಿಕೆ ಇಲಾಖೆಯ ಕೈಕೆಳಗಿವೆ. ವಾಣಿಜ್ಯ ಚಿತ್ರೀಕರಣಕ್ಕೆ ಅನುಮತಿ ಬೇಕು. ಟ್ರೈಪಾಡ್, ಛತ್ರಿಯಂಥ ಲೈಟು, ರಿಫ್ಲೆಕ್ಟರ್ ಕಂಡರೆ ಮದುವೆ ಶೂಟಿಂಗ್ ಎಂದು ಅವರು ಭಾವಿಸುವುದು ಸಹಜ. ನಿಯಮ, ಶುಲ್ಕ ಬದಲಾಗುತ್ತಿರುವುದರಿಂದ ಉದ್ಯಾನದೊಳಗಿನ ಕಚೇರಿಯಲ್ಲೇ ವಿಚಾರಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಜೊತೆಗಿಟ್ಟುಕೊಳ್ಳಿ. ಹೂವಿಗೂ ಹಕ್ಕಿಗೂ ಟ್ರೈಪಾಡ್ ಬೇಕೇಬೇಕೆಂದಿಲ್ಲ. ಒಂದು ಬಟ್ಟೆಚೀಲದಲ್ಲಿ ಅರ್ಧ ಕಿಲೊ ರಾಜಮಾವನ್ನೋ ಅಕ್ಕಿಯನ್ನೋ ಸಡಿಲವಾಗಿ ತುಂಬಿ ಹೊಲಿದರೆ ಬೆಂಚು, ಕಲ್ಲು, ತಂತಿಬೇಲಿಯ ಕಂಬ ಎಲ್ಲದರ ಮೇಲೂ ಲೆನ್ಸ್ ಅಲುಗದಂತೆ ಕೂರುತ್ತದೆ. ಡ್ರೋನ್ ಒಯ್ಯುವ ಯೋಚನೆ ಬೇಡ. ಅದಕ್ಕೆ ಬೇರೆಯೇ ಅನುಮತಿಗಳಿವೆ, ಮೇಲಾಗಿ ಕೊಂಬೆಯಲ್ಲಿ ಗೂಡು ಕಟ್ಟಿದ ಹದ್ದು, ಹೆಜ್ಜೇನು ಎರಡನ್ನೂ ಅದು ಕೆಣಕುತ್ತದೆ.

ಪ್ರಶ್ನೆ: ಹೂವಿನ ಮೇಲಿನ ಜೇನು, ಚಿಟ್ಟೆಗಳನ್ನು ತೀರ ಹತ್ತಿರದಿಂದ ತೆಗೆಯುವಾಸೆ. ಮ್ಯಾಕ್ರೊ ಲೆನ್ಸ್ ಕೊಳ್ಳುವಷ್ಟು ದುಡ್ಡಿಲ್ಲ. ಹಳೆಯ ಡಿಎಸ್‌ಎಲ್‌ಆರ್, 18–55 ಮತ್ತು 50 ಮಿ.ಮೀ. ಲೆನ್ಸ್ ಇವೆ. ಜೇನುಗೂಡಿನ ಫೋಟೊ ತೆಗೆಯಬಹುದೇ?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ 50 ಮಿ.ಮೀ. ಸಾಕಮ್ಮ. ಅದಕ್ಕೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿ. ಗಾಜಿಲ್ಲದ ಬರೀ ಉಂಗುರ ಅದು, ಲೆನ್ಸನ್ನು ಸೆನ್ಸರಿನಿಂದ ದೂರ ತಳ್ಳಿ ಹತ್ತಿರ ಫೋಕಸ್ ಆಗುವಂತೆ ಮಾಡುತ್ತದೆ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಟ್ಯೂಬ್ ಸೇರಿಸಿದರೆ ವಸ್ತು ಸೆನ್ಸರಿನ ಮೇಲೆ ಅರ್ಧಗಾತ್ರಕ್ಕೆ, 50 ಸೇರಿಸಿದರೆ ನಿಜಗಾತ್ರಕ್ಕೆ ಮೂಡುತ್ತದೆ. ಕೊಳ್ಳುವಾಗ ಒಳಗೆ ವಿದ್ಯುತ್ ಸಂಪರ್ಕದ ಪಿನ್ನುಗಳಿರುವುದನ್ನೇ ಆರಿಸಿ. ಪಿನ್ನಿಲ್ಲದ್ದು ಅಗ್ಗ, ಆದರೆ ಅಪರ್ಚರ್ ಬದಲಿಸಲು ಬರುವುದಿಲ್ಲ. ಲೆನ್ಸನ್ನು ತಿರುಗಿಸಿ ಹಾಕುವ ರಿವರ್ಸ್ ರಿಂಗ್ ಇನ್ನೂ ಅಗ್ಗ. ಆದರೆ ಹೂವಿಗೆ ಬೆರಳುದ್ದದಷ್ಟು ಹತ್ತಿರ ಹೋಗಬೇಕು, ಅಷ್ಟರಲ್ಲಿ ಚಿಟ್ಟೆ ಹಾರಿರುತ್ತದೆ. ಅಲುಗದ ಮೊಗ್ಗು, ಕೇಸರಗಳಿಗೆ ಅದನ್ನು ಇಟ್ಟುಕೊಳ್ಳಿ.

ನಿಜಗಾತ್ರದಲ್ಲಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಕಾಣುವ ಭಾಗದ ದಪ್ಪ ಸುಮಾರು 1 ಮಿ.ಮೀ. ಅರ್ಧಗಾತ್ರದಲ್ಲಿ ಎರಡೂವರೆ. ಹಾಗಾಗಿ ಅರ್ಧಗಾತ್ರದಿಂದ ಶುರುಮಾಡಿ. ಆಟೊಫೋಕಸ್ ಬಂದ್ ಮಾಡಿ, ಮೊಣಕೈ ಎದೆಗೆ ಒತ್ತಿ, ಮೈಯನ್ನೇ ಹಿಂದೆಮುಂದೆ ತೂಗುತ್ತ ಕಣ್ಣು ಸ್ಪಷ್ಟವಾದ ಕ್ಷಣ ಗುಂಡಿ ಒತ್ತಿ. ಎಫ್/16ರಾಚೆ ಹೋಗಬೇಡಿ, ಇಡೀ ಚಿತ್ರ ಮೆತ್ತಗಾಗುತ್ತದೆ. ಚಿಟ್ಟೆ ರೆಕ್ಕೆ ಮಡಿಸಿ ಕೂತಾಗ ಸೆನ್ಸರು ರೆಕ್ಕೆಗೆ ಸಮಾನಾಂತರವಾಗಿದ್ದರೆ ಆ ತೆಳು ಪದರದಲ್ಲೇ ಇಡೀ ರೆಕ್ಕೆ ಹಿಡಿಯಬಹುದು. ಬೆಳಿಗ್ಗೆ 8ರಿಂದ 10ರೊಳಗೆ ಅವು ಬಿಸಿಲಿಗೆ ರೆಕ್ಕೆ ಬಿಚ್ಚಿ ಮೈ ಕಾಯಿಸಿಕೊಳ್ಳುತ್ತವೆ. ಆಗ ಹತ್ತಿರ ಹೋಗಲು ಬಿಡುತ್ತವೆ, ಆದರೆ ನಿಮ್ಮ ನೆರಳು ಬಿದ್ದರೆ ಹಾರುತ್ತವೆ. ಕೇಪಳ, ರತ್ನಗಂಧಿ, ಲಂಟಾನ ಇರುವ ಪಾತಿಯ ಬಳಿ ಕೂತರೆ ಕಾಯುವ ಹೊತ್ತು ಕಡಿಮೆ.

ಜೇನಿನ ವಿಷಯ ಗಮನವಿಟ್ಟು ಓದಿ. ಹೂವಿನ ಮೇಲೆ ಕೂತ ಜೇನು ಯಾವುದೇ ಇರಲಿ, ಮೈಮೇಲೆ ಬರುವುದಿಲ್ಲ. ಅದನ್ನು ನಿರಾತಂಕವಾಗಿ ತೆಗೆಯಿರಿ. ಗೂಡಿನ ಮಾತು ಬೇರೆ. ಗೋಡೆಯ ಸಂದಿನ ಮುಜಂಟಿ ಜೇನಿಗೆ ಕೊಂಡಿಯೇ ಇಲ್ಲ, ಅದರ ಮೇಣದ ಕೊಳವೆಬಾಗಿಲನ್ನು ಹತ್ತಿರದಿಂದ ತೆಗೆಯಬಹುದು. ಎತ್ತರದ ಕೊಂಬೆಯಲ್ಲಿ, ನೀರಿನ ಟ್ಯಾಂಕಿನಡಿ ಅಗಲವಾದ ಒಂದೇ ಹಲಗೆಯಂತೆ ತೂಗುವ ಹೆಜ್ಜೇನಿನ ಹತ್ತಿರ ಮಾತ್ರ ಹೋಗಲೇಬೇಡಿ. ಫ್ಲ್ಯಾಷ್, ಹೊಗೆ, ಕಲ್ಲು, ಘಾಟು ಸೆಂಟು ಯಾವುದೂ ಸಲ್ಲದು. ಗೂಡಿನ ಮೈಮೇಲೆ ನೀರಿನ ಅಲೆಯಂತೆ ಒಂದು ಮಿನುಗು ಹಾಯುತ್ತದೆ, ಸಾವಿರಾರು ಜೇನು ಒಂದರ ಹಿಂದೊಂದು ಹಿಂಭಾಗ ಎತ್ತಿದಾಗ ಕಾಣುವ ಅಲೆ ಅದು. ನೋಡಲು ಸುಂದರ, ಅರ್ಥ ಎಚ್ಚರಿಕೆ. ಅದು ಪದೇ ಪದೇ ಬಂದರೆ ಸದ್ದಿಲ್ಲದೆ ಹಿಂದೆ ಸರಿಯಿರಿ. ಅಕಸ್ಮಾತ್ ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಬಾಗಿಲು ಹಾಕಬಹುದಾದ ಕಟ್ಟಡವೋ ಕಾರೋ ಸಿಗುವವರೆಗೆ ನೇರ ಓಡಿ. ನೀರಿಗೆ ಧುಮುಕಬೇಡಿ, ಅವು ಮೇಲೆಯೇ ಕಾಯುತ್ತವೆ. ಚುಚ್ಚಿದ ಕೊಂಡಿಯನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ಹೆಚ್ಚು ಕಡಿತವಾಗಿದ್ದರೆ, ಉಸಿರು ಕಟ್ಟಿದರೆ, ಮುಖ ಊದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕುಕ್ಕರಹಳ್ಳಿ ಕೆರೆಯ ದಂಡೆಯಿಂದ ಹೆಜ್ಜಾರ್ಲೆ, ಬೆಳ್ಳಕ್ಕಿ ತೆಗೆದರೆ ಬಿಳಿ ಗರಿಯಲ್ಲಿ ಏನೂ ಕಾಣುವುದಿಲ್ಲ. 600 ಮಿ.ಮೀ. ಲೆನ್ಸ್ ಬಾಡಿಗೆಗೆ ತಂದರೂ ದೂರದ ಹಕ್ಕಿ ನೀರಲ್ಲಿ ಅದ್ದಿದಂತೆ ಅಲುಗುತ್ತದೆ. ಲೆನ್ಸ್ ಕೆಟ್ಟಿದೆಯೇ?
– ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಉತ್ತರ: ಲೆನ್ಸ್ ಸರಿಯಾಗಿಯೇ ಇದೆ. ಬಿಸಿಲೇರಿದ ಮೇಲೆ ದಂಡೆಯೂ ನೀರೂ ಬೇರೆಬೇರೆ ಪ್ರಮಾಣದಲ್ಲಿ ಕಾದು, ಮೇಲಿನ ಗಾಳಿ ಪದರಪದರವಾಗಿ ಕಲಕುತ್ತದೆ. ಬೆಳಕು ಆ ಪದರಗಳಲ್ಲಿ ಬಾಗಿಬಾಗಿ ಬರುವುದರಿಂದ ಹಕ್ಕಿಯ ಅಂಚು ಕುದಿಯುತ್ತದೆ. ಲೆನ್ಸ್ ದೊಡ್ಡದಾದಷ್ಟೂ ಈ ದೋಷವೂ ದೊಡ್ಡದಾಗಿ ಕಾಣುತ್ತದೆ. ಮದ್ದು ಎರಡೇ: ಬೆಳಿಗ್ಗೆ 8ರೊಳಗೆ ಮುಗಿಸುವುದು, ಇಲ್ಲವೇ 30–40 ಮೀಟರಿನೊಳಗಿನ ಹಕ್ಕಿಯನ್ನಷ್ಟೇ ತೆಗೆಯುವುದು.

ಬಿಳಿ ಗರಿಗೆ ಕಾರಣ ಮೊದಲ ಉತ್ತರದಲ್ಲಿ ಹೇಳಿದ ನಡುಬೂದು. ಚೌಕಟ್ಟಿನ ಬಹುಪಾಲು ಕಪ್ಪು ನೀರು ಇದ್ದಾಗ ಕ್ಯಾಮೆರಾ ಅದನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಡುತ್ತದೆ. –0.7ರಿಂದ –1.3 ಕೊಡಿ. ಅದೇ ಹಕ್ಕಿ ಎದ್ದು ಆಕಾಶಕ್ಕೆ ಹಾರಿದರೆ ಲೆಕ್ಕ ತಲೆಕೆಳಗು, +1 ಬೇಕು. ಹಾರುವ ಹಕ್ಕಿಗೆ ಗುಂಡಿ ತಿರುಗಿಸುತ್ತ ಕೂರಲಾಗದು. ಆದ್ದರಿಂದ ಬಿಸಿಲಲ್ಲಿ ಕೂತ ಬೆಳ್ಳಕ್ಕಿಗೆ ಸರಿಹೊಂದಿಸಿಕೊಂಡು ಐಎಸ್‌ಒ ಸೇರಿದಂತೆ ಎಲ್ಲವನ್ನೂ ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕಿ. ಬಿಸಿಲು ಬದಲಾಗದವರೆಗೆ ಹಕ್ಕಿ ಎಲ್ಲಿದ್ದರೂ ಅದೇ ಅಳತೆ ಸರಿ.

ಪ್ರಶ್ನೆ: ಮನೆ ಎದುರಿನ ಪಾರ್ಕಿನ ದಾಸವಾಳದ ಬೇಲಿಯಲ್ಲಿ ಪಿಕಳಾರ ಗೂಡು ಕಟ್ಟಿದೆ, ಮರಿಗಳಿವೆ. ಎಲೆ ಅಡ್ಡ ಬರುತ್ತಿದೆ. ಎರಡೇ ರೆಂಬೆ ಕತ್ತರಿಸಿದರೆ ತಾಯಿ ಗುಟುಕು ಕೊಡುವ ಒಳ್ಳೆಯ ಫೋಟೊ ಸಿಗುತ್ತದೆ. ಸಲಹೆ ಕೊಡಿ.
– ಓದುಗರೊಬ್ಬರು, ಹಾಸನ

ಉತ್ತರ: ಕತ್ತರಿಸಬೇಡಿ. ಹತ್ತಿರವೂ ಹೋಗಬೇಡಿ. ಇಷ್ಟು ಖಂಡಿತವಾಗಿ ಹೇಳಲು ಕಾರಣಗಳಿವೆ.

ಪಿಕಳಾರ ಗೂಡನ್ನು ಬಟ್ಟಲಿನಷ್ಟೇ ತೆರೆದು ಕಟ್ಟುತ್ತದೆ. ಅದಕ್ಕೆ ಮಾಡು ಎಂದರೆ ನೀವು ಕತ್ತರಿಸಬೇಕೆಂದಿರುವ ಆ ಎರಡು ರೆಂಬೆಗಳೇ. ಏಪ್ರಿಲ್ ಬಿಸಿಲು ಮೈಮೇಲೆ ಗರಿಯಿಲ್ಲದ ಮರಿಗಳ ಮೇಲೆ ನೇರ ಬಿದ್ದರೆ ಅವು ಬದುಕುವುದು ಕಷ್ಟ. ಎರಡನೆಯದು ಕಾಗೆ. ಮನುಷ್ಯ ಒಂದೇ ಪೊದೆಯತ್ತ ಮತ್ತೆಮತ್ತೆ ಬಗ್ಗಿ ನೋಡುವುದನ್ನು ಕಾಗೆ, ಕೆಂಬೂತಗಳು ಗಮನಿಸುತ್ತವೆ. ನೀವು ತಿಂಡಿಗೆ ಎದ್ದು ಹೋದ ಮೇಲೆ ಅವು ಬರುತ್ತವೆ. ಮೂರನೆಯದು, ನೀವು ಅಲ್ಲಿ ನಿಂತಷ್ಟು ಹೊತ್ತು ತಾಯಿ ಕೊಕ್ಕಿನಲ್ಲಿ ಹುಳು ಹಿಡಿದು ತಂತಿಯ ಮೇಲೆ ಕೂತು ಕೂಗುತ್ತದೆ. ಆ ಕೂಗು ಭಯದ್ದು. ಮರಿಗಳು ಬಲಿಯುವ ಹೊತ್ತಿಗೆ ಯಾರಾದರೂ ಹತ್ತಿರ ಹೋದರೆ ಹಾರಲು ಬಾರದಿದ್ದರೂ ಗೂಡಿನಿಂದ ಜಿಗಿಯುತ್ತವೆ, ನೆಲದಲ್ಲಿ ಬೆಕ್ಕು ಇದ್ದೇ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥದೊಳಗೇ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಊರೊಳಗಿನ ಪಾರ್ಕು ಎಂದು ಅದಕ್ಕೆ ವಿನಾಯಿತಿ ಇಲ್ಲ.

ಮರಿಗಳು ಮೊಟ್ಟೆಯೊಡೆದ ಮೇಲೆ ಗೂಡಿನಲ್ಲಿರುವುದು ಸುಮಾರು ಎರಡೇ ವಾರ. ಆಮೇಲೂ ಕೆಲವು ದಿನ ಅದೇ ಬೇಲಿಯ ಆಸುಪಾಸಿನಲ್ಲಿ ಮೋಟುಬಾಲ ಆಡಿಸುತ್ತ ಕೂತು ತಂದೆತಾಯಿಯಿಂದ ಗುಟುಕು ತಿನ್ನುತ್ತವೆ. ನಿಮಗೆ ಬೇಕಾದ ಫೋಟೊ ಆಗ ಸಿಗುತ್ತದೆ. ನಿಮ್ಮ ಮನೆಯ ಕಿಟಕಿಯಿಂದ, ಪರದೆಯ ಮರೆಯಲ್ಲಿ ಕೂತು, ಲೆನ್ಸಿನ ತುದಿಯಷ್ಟೇ ಹೊರಗಿಟ್ಟು ತೆಗೆಯಿರಿ. ಫ್ಲ್ಯಾಷ್ ಬೇಡ. ಫೋನಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯುವುದೂ ಬೇಡ, ಮರಿ ಸಾಕುವ ದಿನಗಳಲ್ಲಿ ಇನ್ನೊಂದು ಹಕ್ಕಿ ನುಗ್ಗಿತೆಂದು ಅವು ಗುಟುಕು ಬಿಟ್ಟು ಜಗಳಕ್ಕೆ ಹುಡುಕುತ್ತವೆ. ಫೋಟೊ ಹಂಚಿಕೊಳ್ಳುವುದಾದರೆ ಗೂಡಿನ ಜಾಗ ಬರೆಯಬೇಡಿ.

ಪ್ರಶ್ನೆ: ಲಂಡನ್ನಿಗೆ ಬಂದು ಇದು ಮೊದಲ ವಸಂತ. ಕ್ಯೂ ಗಾರ್ಡನ್ಸ್‌ನ ಬ್ಲೂಬೆಲ್, ರಿಚ್‌ಮಂಡ್ ಪಾರ್ಕಿನ ಜಿಂಕೆಗಳನ್ನು ತೆಗೆಯಬೇಕೆಂದಿದ್ದೇನೆ. ಬೆಂಗಳೂರಿನ ಅಭ್ಯಾಸಕ್ಕಿಂತ ಏನು ಬದಲಿಸಿಕೊಳ್ಳಬೇಕು?
– ಓದುಗರೊಬ್ಬರು, ಲಂಡನ್

ಉತ್ತರ: ಅವಸರವನ್ನು. ಅಲ್ಲಿ ಸೂರ್ಯ ಓರೆಯಾಗಿ ಏರಿಳಿಯುತ್ತಾನೆ, ದಿಗಂತದ ಬಳಿ ಗಂಟೆಗೆ 9–10 ಡಿಗ್ರಿಯಷ್ಟೇ. ಮೆತ್ತನೆಯ ಬೆಳಕು ಒಂದು ಗಂಟೆಯಾದರೂ ಉಳಿಯುತ್ತದೆ, ಏಪ್ರಿಲ್ ಕೊನೆಗೆ ಸೂರ್ಯಾಸ್ತ ರಾತ್ರಿ 8 ದಾಟಿರುತ್ತದೆ. ಕ್ಯೂ ಬಾಗಿಲು ತೆರೆಯುವುದು 10ಕ್ಕೆ, ಆದ್ದರಿಂದ ಅಲ್ಲಿಗೆ ಸಂಜೆ ಒಳಿತು. ಬ್ಲೂಬೆಲ್ಲನ್ನು ಮೋಡದ ದಿನ, ವೈಟ್ ಬ್ಯಾಲೆನ್ಸ್ ಡೇಲೈಟಿನಲ್ಲಿಟ್ಟು ತೆಗೆಯಿರಿ. ಆಟೊ ಅದರ ನೇರಳೆಯನ್ನು ಕುಂದಿಸುತ್ತದೆ. ಹೂವಿನ ನಡುವೆ ಕಾಲಿಡಬೇಡಿ. ಎಲೆ ಜಜ್ಜಿದರೆ ಗೆಡ್ಡೆಗೆ ಆಹಾರ ಸೇರದೆ, ಆ ಜಾಗ ಚೇತರಿಸಿಕೊಳ್ಳಲು ವರ್ಷಗಳು ಬೇಕು. ದಾರಿಯಂಚಿನಲ್ಲೇ ಮಂಡಿಯೂರಿ ಉದ್ದ ಲೆನ್ಸ್ ಹಾಕಿದರೆ ಬಿಡಿಹೂಗಳೂ ಒತ್ತಾಗಿ ಹಾಸಿದಂತೆ ಕಾಣುತ್ತವೆ. ರಿಚ್‌ಮಂಡಿನ ಜಿಂಕೆಗಳಿಂದ 50 ಮೀಟರ್ ದೂರವಿರಬೇಕೆಂಬುದು ಅಲ್ಲಿನ ಸೂಚನೆ. ಮೇ ತಿಂಗಳಿಂದ ಮರಿ ಹಾಕುವ ಕಾಲ, ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ ಮರಿ ಕಂಡರೆ ಅದು ಅನಾಥವೆಂದು ಮುಟ್ಟಲು ಹೋಗಬೇಡಿ, ತಾಯಿ ಹತ್ತಿರದಲ್ಲೇ ಇರುತ್ತದೆ.

ಪ್ರಶ್ನೆ: ಪಿಲಿಕುಳಕ್ಕೆ ಹೋದಾಗಲೆಲ್ಲ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಗುತ್ತದೆ. ಕಳೆದ ಮಳೆಗಾಲದ ನಂತರ ಒಳಗಿನ ಗಾಜಿನಲ್ಲಿ ಜೇಡರ ಬಲೆಯಂಥ ಗುರುತೂ ಕಾಣಿಸುತ್ತಿದೆ.
– ಓದುಗರೊಬ್ಬರು, ಮಂಗಳೂರು

ಉತ್ತರ: ಎಸಿಯಲ್ಲಿ ತಣ್ಣಗಾದ ಗಾಜಿಗೆ ಕರಾವಳಿಯ ಹಸಿಗಾಳಿ ತಾಗಿದೊಡನೆ ನೀರು ಕಟ್ಟುತ್ತದೆ. ಒರೆಸಬೇಡಿ, ಮತ್ತೆ ಬರುತ್ತದೆ. ಮನೆಯಿಂದ ಹೊರಡುವಾಗಲೇ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಮುಚ್ಚಿ ಡಿಕ್ಕಿಯಲ್ಲಿಡಿ, ಅಲ್ಲಿಗೆ ಹೋದ ಮೇಲೆ 15–20 ನಿಮಿಷ ನೆರಳಿನಲ್ಲಿ ಚೀಲದೊಳಗೇ ಬಿಟ್ಟು ಆಮೇಲೆ ತೆರೆಯಿರಿ.

ಬಲೆಯಂಥ ಗುರುತು ಬೂಷ್ಟು. ಲೆನ್ಸನ್ನು ಈಗಲೇ ಸರ್ವಿಸಿಗೆ ಕೊಡಿ, ಬೇರು ಬಿಟ್ಟು ಗಾಜಿನ ಲೇಪನ ತಿಂದ ಮೇಲೆ ಕಲೆ ಹೋಗುವುದಿಲ್ಲ. ಅಲ್ಲಿಯವರೆಗೆ ಬೇರೆ ಲೆನ್ಸುಗಳ ಜೊತೆ ಒಂದೇ ಬ್ಯಾಗಿನಲ್ಲಿ ಇಡಬೇಡಿ. ಮುಂದಕ್ಕೆ, ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಸಣ್ಣ ಮೀಟರ್ ಇಟ್ಟು, ಮುಳ್ಳು 40ರಿಂದ 50 ಶೇಕಡಾದ ನಡುವೆ ಇರುವಂತೆ ನೋಡಿಕೊಳ್ಳಿ. 30ಕ್ಕಿಂತ ಕೆಳಗೆ ಇಳಿಸುವುದೂ ಬೇಡ, ರಬ್ಬರು, ಎಣ್ಣೆ ಒಣಗುತ್ತವೆ. ಜೆಲ್ ಕಾಳಿನ ಬಣ್ಣ ಬದಲಾದಾಗ ಹೊಸದು ಹಾಕಿ. ನೀಲಿ ಕಾಳಿನ ಜೆಲ್ ಇದ್ದರೆ ಅದರಲ್ಲಿ ಕೋಬಾಲ್ಟ್ ಲವಣವಿರುತ್ತದೆ, ಅಡುಗೆಯ ಬಾಣಲೆಯಲ್ಲಿ ಹುರಿದು ಒಣಗಿಸಬೇಡಿ. ಚರ್ಮದ ಚೀಲದಲ್ಲಿ ಕ್ಯಾಮೆರಾ ಇಟ್ಟು ಕಪಾಟು ಸೇರಿಸುವ ಅಭ್ಯಾಸವಿದ್ದರೆ ಮಳೆಗಾಲಕ್ಕೆ ಮುಂಚೆ ಬಿಟ್ಟುಬಿಡಿ. ಕರಾವಳಿಯಲ್ಲಿ ಬೂಷ್ಟು ಮೊದಲು ಹಿಡಿಯುವುದು ಚರ್ಮಕ್ಕೇ.